ಬಡಕ್ಯಾನ ತೂಕ

ತೂಕ ಹಾಕುವುದು ನನ್ನ ಹೊಟ್ಟೆಪಾಡು. ಆಂಧ್ರದ ಗಡಿಯ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಒಂದು ದಲಾಲಿ ಅಂಗಡಿಯ ಕಾಟಾದ ಪಕ್ಕದಲ್ಲಿ ನಿಂತು ನಿಂತೇ ನನ್ನ ತಲೆ ಬೆಳ್ಳಗಾಯಿತು. ಹಮಾಲರು ಚೀಲವನ್ನು ಕಾಟಾದ ಮೇಲೆ ಇಟ್ಟ ಕೂಡಲೇ ಇಂತಿಷ್ಟು ಎಂದು ಕೂಗುವುದು ನನ್ನ ಕೆಲಸ. ಕೂಗಿದ್ದು ರೈತನಿಗೆ ಕೇಳಬೇಕು, ಖರೀದಿದಾರನಿಗೆ ಕೇಳಬೇಕು, ಆಚೆ ಚಹಾದಂಗಡಿಯಲ್ಲಿ ಕೂತು ಯಾರನ್ನೋ ಬೈಯುತ್ತಿರುವವನಿಗೂ ಕೇಳಬೇಕು. ಪಿಸುಗುಟ್ಟಿದ ತೂಕವನ್ನು ಮಾರ್ಕೆಟ್ಟಿನಲ್ಲಿ ಯಾರೂ ನಂಬುವುದಿಲ್ಲ. ಇಂಥ ನನಗೆ ನನ್ನ ಸ್ವಂತ ಮನೆಯಲ್ಲಿ ಒಂದು ತೂಕವನ್ನು ಬಾಯಿಬಿಟ್ಟು ಹೇಳುವ ಅಧಿಕಾರವಿಲ್ಲ. ಅದು ನನ್ನ ಮೊಮ್ಮಗನ ತೂಕ. ಅವನಿಗೆ ಈಗ ಒಂದೂವರೆ ವರ್ಷ. ಎಷ್ಟು ಕಿಲೋ ಎಂದು ನಿಮಗೂ ಹೇಳುವುದಿಲ್ಲ, ತಪ್ಪು ತಿಳಿಯಬೇಡಿ. ಓದುವವರ ಕಣ್ಣೂ ಕಣ್ಣೇ ಅಲ್ಲವೇ? ಹೇಳಿದ್ದು ನನ್ನ ಹೆಂಡತಿ ಈರಮ್ಮನಿಗೆ ಗೊತ್ತಾದರೆ ನಿಮ್ಮೆಲ್ಲರ ಹೆಸರಿನಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ, ಆ ಘಾಟಿಗೆ ಕೆಮ್ಮುವವನು ನಾನು. ಇಷ್ಟು ಮಾತ್ರ ಹೇಳಬಲ್ಲೆ: ಅವನನ್ನು ಎತ್ತಿಕೊಂಡು ನಮ್ಮ ಓಣಿಯ ತುದಿಯವರೆಗೆ ಹೋದವರು ವಾಪಸು ಬರುವಾಗ ಆಟೋ ಹುಡುಕುತ್ತಾರೆ.

ನಮ್ಮ ಕಡೆ ದಪ್ಪ ಮಗುವನ್ನು ದಪ್ಪ ಎನ್ನುವಂತಿಲ್ಲ. ಅಂದರೆ ನೆದರಾಗುತ್ತದೆ, ಕಣ್ಣು ಬೀಳುತ್ತದೆ. ಹಾಗಾಗಿ ಆಧಾರ್ ಕಾರ್ಡಿನಲ್ಲಿ ಶ್ರೀಕಾಂತ ಎಂದು ಇರುವ ಹುಡುಗನಿಗೆ ಈರಮ್ಮ ಬಡಕ್ಯಾ ಎಂದು ಹೆಸರಿಟ್ಟಳು. ಸಣಕಲ ಎಂದು ಅರ್ಥ. ಗಲ್ಲ ಎರಡೂ ಭುಜದ ಮೇಲೆ ಒರಗಿಕೊಂಡಿರುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತನ್ನ ತೊಡೆ ಜೋಮು ಹಿಡಿದಿದ್ದರೂ, "ನಮ್ಮ ಬಡಕ್ಯಾ ಭಾಳ ಸೊರಗ್ಯಾನ್ರಿ, ಏನೂ ತಿನ್ನಂಗಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಬಂದವರೂ ನಮ್ಮವರೇ ಆದ್ದರಿಂದ, "ಹೌದು ಬಿಡ್ರಿ, ಎಲುಬು ಕಾಣತಾವ" ಎಂದು ತಲೆಯಾಡಿಸಿ ಹೋಗುತ್ತಾರೆ. ಎದುರುಮನೆಯ ತೆಲುಗಿನ ಲಕ್ಷ್ಮಮ್ಮ ಮಾತ್ರ ಒಮ್ಮೆ ಒಳಗೆ ಬಂದವಳೇ ಗಲ್ಲ ಹಿಂಡಿ, "ಬಾಬು ಬೊದ್ದುಗಾ ಉನ್ನಾಡೇ" ಎಂದುಬಿಟ್ಟಳು. ದಪ್ಪಗಿದ್ದಾನೆ ಎನ್ನುವ ಆ ಒಂದು ಮಾತಿಗೆ ನಮ್ಮ ಮನೆಯಲ್ಲಿ ಮೂರು ದಿನ ಮೆಣಸಿನಕಾಯಿ ಸುಟ್ಟೆವು. ಲಕ್ಷ್ಮಮ್ಮ ಒಳ್ಳೆಯ ಹೆಂಗಸು, ಆದರೆ ಅವಳು ಗೇಟು ತೆರೆದ ಸದ್ದಾದರೆ ಇವತ್ತಿಗೂ ಈರಮ್ಮ ಮಗುವಿನ ಮೇಲೆ ಟವೆಲ್ ಎಳೆಯುತ್ತಾಳೆ.

ತೊಂದರೆ ಶುರುವಾದದ್ದು ಡೈಪರಿನಿಂದ. ನಾವೆಲ್ಲ ಬೆಳೆದದ್ದು ಹಳೆ ಸೀರೆಯ ತುಂಡಿನಲ್ಲಿ. ಸೀರೆಗೆ ಸೈಜಿನ ತಕರಾರಿಲ್ಲ, ಸಾಲದಿದ್ದರೆ ಇನ್ನೊಂದು ಗೇಣು ಹರಿದರಾಯಿತು. ಈ ಡೈಪರ್ ಹಾಗಲ್ಲ. ಪ್ಯಾಕೆಟ್ಟಿನ ಮೇಲೆ ಒಂದು ಬಿಳಿ ಮಗು ನಗುತ್ತಿರುತ್ತದೆ, ಅದರ ಪಕ್ಕದಲ್ಲೇ ಇಷ್ಟರಿಂದ ಇಷ್ಟು ಕಿಲೋ ಎಂದು ಮಾರ್ಕೆಟ್ಟಿನ ಬೋರ್ಡಿನಷ್ಟು ದಪ್ಪಗೆ ಅಚ್ಚು ಹಾಕಿರುತ್ತಾರೆ. ಆ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ಬಜಾರಿನಲ್ಲಿ ನಡೆದರೆ ಮಗುವಿನ ತೂಕವನ್ನು ಡಂಗುರ ಹೊಡೆದಂತೆಯೇ. ಮೊದಲ ಸೈಜುಗಳು ಒಂದೊಂದಾಗಿ ಬೇಗ ಬೇಗ ಮುಗಿದವು. ಕಟ್ಟಕಡೆಯ ಸೈಜಿಗೆ ಬಂದಾಗ ಈರಮ್ಮ ಅಡ್ಡ ನಿಂತಳು. "ಅಂಗಡ್ಯಾಗ ದೊಡ್ಡದು ಕೊಡ್ರಿ ಅನಬ್ಯಾಡ್ರಿ. ಅಲ್ಲಿ ಹತ್ತು ಮಂದಿ ನಿಂತಿರ್ತಾರ. ಹಿಂದಿಂದೇ ತೊಗೊಂಬರ್ರಿ, ಹ್ಯಾಂಗರ ಮಾಡಿ ಕಟ್ಟೂಣು." ಅದರ ಪ್ರಕಾರ ನಾನು ಒಂದು ಸೈಜು ಚಿಕ್ಕದನ್ನೇ ಕೊಂಡೆ, ಅದನ್ನೂ ಪೇಪರಿನಲ್ಲಿ ಸುತ್ತಿಸಿಕೊಂಡು ತಂದೆ. ಮನೆಯಲ್ಲಿ ಅದನ್ನು ತೊಡಿಸುವಾಗ ಒಬ್ಬರು ಕಾಲು ಹಿಡಿಯಬೇಕು, ಒಬ್ಬರು ಹೊಟ್ಟೆ ಒತ್ತಬೇಕು, ಮೂರನೆಯವರು ಪಟ್ಟಿ ಎಳೆಯಬೇಕು. ಬಾಯಿಗೆ ಬರುವಷ್ಟು ಹತ್ತಿ ತುಂಬಿದ ಚೀಲವನ್ನು ದಬ್ಬಣದಿಂದ ಹೊಲಿಯುವುದನ್ನು ನಾನು ಎಷ್ಟೋ ಕಂಡಿದ್ದೇನೆ, ಇಲ್ಲಿ ದಬ್ಬಣ ಮುಟ್ಟುವಂತಿಲ್ಲ ಅಷ್ಟೆ. ಪಟ್ಟಿ ಪಟ್ಟೆಂದು ಕಿತ್ತು ಬಂದಾಗ ಈರಮ್ಮ ಮೇಲೊಂದು ಸೀರೆಯ ಅಂಚು ಬಿಗಿದು ಕಟ್ಟುತ್ತಿದ್ದಳು. ಹೀಗೆ ನಾವು ಊರಿನ ಕಣ್ಣಿನಿಂದ ಅವನನ್ನು ಕಾಪಾಡುತ್ತಿದ್ದಾಗಲೇ ಅವನ ಎರಡೂ ತೊಡೆಯ ಸಂದಿಯಲ್ಲಿ ಚರ್ಮ ಕೆಂಪಾಗಿ, ಕೊನೆಗೆ ಬಿರಿದು ಹುಣ್ಣಾಯಿತು.

ಹುಣ್ಣು ನೋಡಿದ ದಿನ ನನಗೆ ನಾಚಿಕೆಯಾಯಿತು. ಮಾರ್ಕೆಟ್ಟಿನಿಂದ ನೆಟ್ಟಗೆ ಮೆಡಿಕಲ್ ಶಾಪಿಗೆ ಹೋಗಿ, ಹತ್ತು ಮಂದಿ ಇದ್ದರೂ ಇರಲಿ ಎಂದು, ಎಲ್ಲಕ್ಕಿಂತ ದೊಡ್ಡ ಸೈಜು ಕೊಡಿ ಎಂದೆ. ಅಂಗಡಿಯ ಶೆಟ್ಟರು ಕೊಟ್ಟರು. ಮನೆಗೆ ತಂದರೆ ಅದೂ ಹತ್ತಲಿಲ್ಲ. ವಾಪಸು ಹೋದೆ. ಶೆಟ್ಟರು, "ಇದರ ಮುಂದ ಕಂಪನಿಯವ್ರು ಮಾಡಂಗಿಲ್ಲ ಅಣ್ಣಾ. ಇನ್ನ ಪೆದ್ದೋಳ್ಳದೇ ಐತಿ" ಎಂದು, ಮೇಲಿನ ಹಲಗೆಯಿಂದ ದೊಡ್ಡವರ ಡೈಪರ್ ಪ್ಯಾಕೆಟ್ಟನ್ನು ಇಳಿಸಿದರು. ಅದರ ಮೇಲೂ ಒಬ್ಬರು ನಗುತ್ತಿದ್ದರು, ಮಗುವಲ್ಲ, ಸುಮಾರು ನನ್ನ ವಯಸ್ಸಿನ ಮುದುಕ. "ಯಾರಿಗೆ, ಮನ್ಯಾಗ ಯಾರಿಗರ ಆರಾಮಿಲ್ಲೇನು?" ಎಂದು ಶೆಟ್ಟರು ತಗ್ಗಿದ ದನಿಯಲ್ಲಿ ಕೇಳಿದರು. ಪಕ್ಕದಲ್ಲಿದ್ದ ಇಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅರ್ಧ ಹೆಜ್ಜೆ ಸರಿದು ನಿಂತರು. ಮೊಮ್ಮಗನಿಗೆ ಎಂದು ಹೇಳುವುದೋ ನನಗೇ ಎಂದು ಹೇಳುವುದೋ ತಿಳಿಯದೆ ಏನೂ ಕೊಳ್ಳದೆ ಬಂದುಬಿಟ್ಟೆ.

ನಮ್ಮ ಸೊಸೆ ಸುಜಾತ ಕೌತಾಳಂನವಳು, ಮಾತು ಕಡಿಮೆ. ಮಗುವನ್ನು ಹೊತ್ತು ಹೊತ್ತು ಅವಳ ಸೊಂಟ ಒಂದು ಕಡೆ ಬಾಗಿದೆ. ಅವತ್ತು ಸಂಜೆ ಅವಳು ಹುಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, "ಮಾವಾ, ತೊಡಿ ಹೆಂಗಾಗ್ಯಾವ ನೋಡ್ರಿ. ಇದು ಮಾಯ್ತೈತಿ ಬಿಡ್ರಿ. ನನಗ ಅಂಜಿಕಿ ಬೇರೆ ಐತಿ. ನಮ್ಮಣ್ಣನ ಮಗಳು ಇವನಕಿಂತ ಸಣ್ಣಾಕಿ, ಓಡಾಡ್ತಾಳ. ಇವ ಇನ್ನಾ ಎದ್ದು ನಿಲ್ಲವಲ್ಲ" ಎಂದಳು. ಈ ಮಾತು ನಮಗೆಲ್ಲ ಗೊತ್ತಿದ್ದದ್ದೇ, ಯಾರೂ ಆಡಿರಲಿಲ್ಲ. ಬಡಕ್ಯಾ ನಡೆಯುತ್ತಿರಲಿಲ್ಲ. ಕುಂಡಿಯ ಮೇಲೆ ಕೂತು ಜರುಗುತ್ತಿದ್ದ, ಗೋಡೆ ಹಿಡಿದು ಅರ್ಧ ಏಳುತ್ತಿದ್ದ, ಧೊಪ್ಪೆಂದು ಕೂರುತ್ತಿದ್ದ. ದೊಡ್ಡ ಮೈ, ನಿಧಾನ ಆಗುತ್ತದೆ ಎಂದು ನಮ್ಮನ್ನು ನಾವು ಸಮಾಧಾನ ಮಾಡಿಕೊಂಡಿದ್ದೆವು. ಮರುದಿನ ಮಕ್ಕಳ ಡಾಕ್ಟರ ಹತ್ತಿರ ಹೊರಟೆವು.

ದವಾಖಾನೆಯಲ್ಲಿ ಮೊದಲು ನರ್ಸು ತೂಕ ಹಾಕಿದಳು. ಹಾಕಿದವಳು ಅಂಕಿಯನ್ನು ಒಳಗಿದ್ದ ಡಾಕ್ಟರಿಗೆ ಕೇಳಲಿ ಎಂದು ಕೂಗಿದಳು. ನನ್ನ ಇಷ್ಟು ವರ್ಷದ ಅನುಭವದಲ್ಲಿ ಅಷ್ಟು ಸ್ವಚ್ಛವಾಗಿ ಯಾರೂ ತೂಕ ಕೂಗಿದ್ದನ್ನು ಕೇಳಿಲ್ಲ. ಬೆಂಚಿನ ಮೇಲಿದ್ದ ತಾಯಂದಿರೆಲ್ಲ ಒಟ್ಟಿಗೆ ತಿರುಗಿದರು. ಈರಮ್ಮ ಸೆರಗಿನಿಂದ ಮಗುವನ್ನು ಮುಚ್ಚಿ ನರ್ಸಿನ ಜೊತೆ ಲೆಕ್ಕಕ್ಕೆ ನಿಂತಳು. "ಕಟ್ಟಿದ್ದ ಸೀರಿ ತುಂಡು ತೊಯ್ದೈತಿ. ಉಡದಾರ ಬೆಳ್ಳಿದು. ಕಾಲಾಗ ಕಡಗ ಅದಾವ. ಅಷ್ಟೂ ತೂಕ ಕಡೀರಿ." ಆಮೇಲೆ ನನ್ನ ಕಡೆ ತಿರುಗಿ, "ನೋಡ್ರಿ, ನೀವ ಹೇಳ್ರಿ, ಮಾರ್ಕೆಟ್ನ್ಯಾಗ ಹಸಿ ಹತ್ತಿಗೆ ಕಡೀತಾರೋ ಇಲ್ಲೋ?" ಕಡಿಯುತ್ತಾರೆ ಎಂದು ನಾನು ಹೇಳಬೇಕಾಯಿತು, ಅದು ನಿಜವೂ ಹೌದು. ನರ್ಸಿಗೆ ಕನ್ನಡ ಬರುತ್ತಿರಲಿಲ್ಲ. ಅವಳು ಮುಂದಿನ ಮಗುವನ್ನು ಕರೆದಳು.

ಡಾಕ್ಟರಮ್ಮ ತೆಲುಗಿನವರು, ತಾಳ್ಮೆಯುಳ್ಳ ಹೆಂಗಸು. ಮಗುವನ್ನು ಹಿಂದೆ ಮುಂದೆ ನೋಡಿ, ಹುಣ್ಣಿಗೆ ಮುಲಾಮು ಬರೆದು, "ಏಂ ತಿಂಟಾಡಮ್ಮಾ?" ಎಂದು ಕೇಳಿದರು. ಏನು ತಿನ್ನುತ್ತಾನೆ ಎನ್ನುವ ಸಾದಾ ಪ್ರಶ್ನೆ. ಬಾಗಿಲು ಅರ್ಧ ತೆರೆದಿತ್ತು, ಆಚೆ ಬೆಂಚಿನ ತುಂಬ ಕಿವಿಗಳು. ಈರಮ್ಮ ಒಂದೂವರೆ ವರ್ಷದಿಂದ ಹೇಳುತ್ತಿದ್ದುದನ್ನೇ ಹೇಳಿದಳು. "ಏಮೀ ತಿನಡಮ್ಮಾ. ಏನೂ ತಿನ್ನಂಗಿಲ್ಲ. ಗುಬ್ಬಿ ತಿಂದಂಗ ಎರಡು ಅಗಳು, ಮುಗೀತು." ಡಾಕ್ಟರಮ್ಮ ನನ್ನ ಕಡೆ ನೋಡಿದರು. ಅವತ್ತು ಬೆಳಿಗ್ಗೆಯಷ್ಟೇ ಆ ಗುಬ್ಬಿ ನನ್ನ ತಟ್ಟೆಯ ಉಗ್ಗಾಣಿಯಲ್ಲಿ ಅರ್ಧ ಮುಗಿಸಿದ್ದ. ಆದರೂ ನನ್ನ ತಲೆ ತಾನಾಗಿಯೇ ಅಲ್ಲಾಡಿತು. ಇಲ್ಲ, ತಿನ್ನುವುದಿಲ್ಲ. ಸುಜಾತ ನೆಲ ನೋಡುತ್ತಿದ್ದಳು. ಡಾಕ್ಟರಮ್ಮನ ಮುಖ ಗಂಭೀರವಾಯಿತು. ಊಟವಿಲ್ಲದೆ ಇಷ್ಟು ಮೈ, ನಡಿಗೆಯೂ ಇಲ್ಲ ಎಂದರೆ ಒಳಗೆ ಗ್ರಂಥಿಯದೇನೋ ದೋಷವಿರಬಹುದು, ರಕ್ತ ತೆಗೆದು ಕರ್ನೂಲಿಗೆ ಕಳಿಸಿ ನೋಡೋಣ ಎಂದರು. ಆ ದುಂಡು ಕೈಯಲ್ಲಿ ನರ ಸಿಗದೆ ನರ್ಸು ಮತ್ತೆ ಮತ್ತೆ ಸೂಜಿ ಚುಚ್ಚಿದಳು. ಅವನು ಅತ್ತ ಅಳುವನ್ನು ಕೇಳಲಾರದೆ ನಾನು ಹೊರಗೆ ಹೋಗಿ ಚಪ್ಪಲಿಗಳ ಪಕ್ಕ ನಿಂತೆ.

ರಿಪೋರ್ಟು ಬರಲು ಕೆಲವು ದಿನ ಹಿಡಿಯಿತು. ಮಾರ್ಕೆಟ್ಟಿನಲ್ಲಿ ನಾನು ತಪ್ಪು ತೂಕ ಕೂಗಿ ಒಬ್ಬ ರೈತನಿಂದ ಬೈಸಿಕೊಂಡೆ. ಈರಮ್ಮ ದೇವರ ಮುಂದೆ ಕೂತರೆ ಏಳುತ್ತಿರಲಿಲ್ಲ. ನಮಗೆ ಮೊದಲು ಹುಟ್ಟಿದ್ದು ಒಂದು ಹೆಣ್ಣು ಕೂಸು. ಆಗ ನಾವು ಹೊಳಗುಂದದಲ್ಲಿದ್ದೆವು. ಅದು ಬಹಳ ಸಣ್ಣದಾಗಿ ಹುಟ್ಟಿತ್ತು, ಹಾಲು ಹಿಡಿಯಲಿಲ್ಲ, ಮೊದಲ ಬೇಸಿಗೆಯನ್ನೇ ದಾಟಲಿಲ್ಲ. ಎತ್ತಿಕೊಂಡರೆ ಕೈಯಲ್ಲಿ ಏನೂ ಇಲ್ಲದ ಹಾಗೆ ಇರುತ್ತಿತ್ತು. ಆಮೇಲೆ ಮಗ ಹುಟ್ಟಿದ, ಬೆಳೆದ, ಅವನ ಮದುವೆಯಾಯಿತು, ಆದರೆ ಈರಮ್ಮನ ಕೈಯಿಂದ ಆ ಹಗುರ ಹೋಗಲಿಲ್ಲ. ಮೊಮ್ಮಗನನ್ನು ಎತ್ತಿಕೊಂಡಾಗ ತೋಳು ಸೋತು ಬಿದ್ದರೆ ಅವಳಿಗೆ ನೆಮ್ಮದಿ. ಈ ಸಲವೂ ಏನಾದರೂ ಆದರೆ ಎಂಬ ಅಂಜಿಕೆ ಇಬ್ಬರಿಗೂ ಇತ್ತು. ಇಬ್ಬರೂ ಸೇರಿ ಮಾಡಿದ್ದು ಒಂದೇ ಕೆಲಸ. ಪಾಪ, ರಕ್ತ ತೆಗೆದಿದ್ದಾರೆ ಎಂದು ಅವಳು ಹಾಲು ರೊಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದಳು, ನಾನು ಸಂಜೆ ಬರುವಾಗ ಒಂದರ ಬದಲು ಎರಡು ಬನ್ನು ತಂದೆ.

ರಿಪೋರ್ಟಿನಲ್ಲಿ ಏನೂ ದೋಷ ಇರಲಿಲ್ಲ. ಡಾಕ್ಟರಮ್ಮ ಇನ್ನೂ ಚಿಂತೆಗೆ ಬಿದ್ದರು. ತಿನ್ನುವುದೂ ಇಲ್ಲ, ದೋಷವೂ ಇಲ್ಲ, ಹಾಗಾದರೆ ಕರ್ನೂಲಿನ ದೊಡ್ಡ ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ನೋಡಬೇಕು, ಇನ್ನಷ್ಟು ಟೆಸ್ಟು ಆಗಬೇಕು ಎಂದು ಚೀಟಿ ಬರೆಯಲು ಪೆನ್ನು ತೆಗೆದರು. ಆಗ ಸುಜಾತ ತಲೆ ಎತ್ತಿದಳು. "ಬರೀಬ್ಯಾಡ್ರಿ ಮೇಡಂ. ತಿಂತಾನ." ಇಷ್ಟು ಹೇಳಿದವಳು ನಿಲ್ಲಲೇ ಇಲ್ಲ. ಬಾಗಿಲು ತೆರೆದೇ ಇತ್ತು, ಆದರೂ ದನಿ ತಗ್ಗಿಸಲಿಲ್ಲ. "ನಾ ಉಣಿಸಿ ಮಲಗಿಸ್ತೀನ್ರಿ. ಎದ್ದ ಕೂಡ್ಲೆ ಅತ್ತಿ ಹಾಲು ರೊಟ್ಟಿ ತಿನಿಸ್ತಾರ, ಉಂಡೇ ಇಲ್ಲ ಅಂತ. ನಡುವ ಶೇಂಗಾ ಉಂಡಿ. ಎದುರುಮನಿ ಲಕ್ಷ್ಮಮ್ಮ ಅತ್ತಿ ಇಲ್ಲದಾಗ ಬಂದು ಅನ್ನ ಪಪ್ಪು ಕಲಸಿ ಕೊಡ್ತಾಳ. ಸಂಜಿಗೆ ಮಾವ ಚಾದಾಗ ಬನ್ನು ಅದ್ದಿ ಕೊಡ್ತಾರ. ರಾತ್ರಿ ಇವನ ಅಪ್ಪ ಡ್ಯೂಟಿ ಮುಗಿಸ್ಕೊಂಡು ಬಂದು ತಮ್ಮ ತಟ್ಟ್ಯಾಗ ಕೂರಿಸ್ಕೋತಾರ. ಎಲ್ಲರೂ ತಾವೊಬ್ರೇ ಕೊಟ್ಟೀವಿ ಅನಕೊಂಡಾರ್ರಿ." ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು. ನನ್ನ ಬನ್ನಿನ ವಿಷಯ ಅವಳಿಗೆ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ, ನಾನು ಅದನ್ನು ಕಟ್ಟೆಯ ಮೇಲೆ ಕೂತು ಓಣಿಯ ಕಡೆ ಮುಖ ಮಾಡಿ ಕೊಡುತ್ತಿದ್ದೆ.

ಡಾಕ್ಟರಮ್ಮ ಪೆನ್ನು ಮುಚ್ಚಿ ನನ್ನ ಕಡೆಗೂ ಈರಮ್ಮನ ಕಡೆಗೂ ತಿರುಗಿದರು. ಬೈದಿದ್ದರೆ ವಾಸಿಯಿತ್ತು. ತಮ್ಮ ಹರಕು ಕನ್ನಡದಲ್ಲಿ, "ಹುಡುಗಗ ಏನೂ ಇಲ್ಲ. ಪ್ರೀತಿ ಮಾಡ್ರಿ, ತಿನಿಸಬ್ಯಾಡ್ರಿ" ಎಂದರು. ತಾಯಿಯೊಬ್ಬಳೇ ಹೊತ್ತಿಗೆ ಸರಿಯಾಗಿ ಉಣಿಸಬೇಕು, ನಡುವೆ ಯಾರೂ ಏನೂ ಕೊಡಬಾರದು, ಎತ್ತಿಕೊಂಡು ತಿರುಗಬಾರದು, ನೆಲದ ಮೇಲೆ ಬಿಡಬೇಕು ಎಂದೂ ಹೇಳಿದರು. ಈರಮ್ಮ ಮನೆಗೆ ಬಂದು ಶೇಂಗಾ ಉಂಡಿಯ ಡಬ್ಬಿಯನ್ನು ಲಕ್ಷ್ಮಮ್ಮನ ಮನೆಗೆ ತಾನೇ ಕೊಟ್ಟು, ಹುಡುಗನಿಗೆ ಇನ್ನು ಮೇಲೆ ಏನೂ ಕೊಡಬ್ಯಾಡ ಎಂದು ಹೇಳಿ ಬಂದಳು. ಆ ಹೊಸ್ತಿಲನ್ನು ಅವಳು ದಾಟಿದ್ದು ಬಹಳ ದಿನಗಳ ಮೇಲೆ.

ನನ್ನ ಪಾಲಿಗೆ ಬಂದದ್ದು ಸಂಜೆ. ಮಾರ್ಕೆಟ್ಟಿನಿಂದ ಬಂದು ಕಟ್ಟೆಯ ಮೇಲೆ ಕೂತೆ. ಬಡಕ್ಯಾ ಎಂದಿನಂತೆ ಜರುಗುತ್ತ ಬಂದು, ನನ್ನ ಮೊಣಕಾಲು ಹಿಡಿದು, ಬಾಯಿ ತೆರೆದ. ನಾನು ಅಂಗೈ ತೋರಿಸಿದೆ. ಅವನು ಒಂದು ಕೈ ನೋಡಿದ, ಇನ್ನೊಂದು ನೋಡಿದ, ಅಂಗಿಯ ಜೇಬಿನಲ್ಲಿ ಬೆರಳು ತೂರಿಸಿದ. ನಾನು ಚಪ್ಪಾಳೆ ತಟ್ಟಿದೆ, ಕಾಗೆ ತೋರಿಸಿದೆ, ಒಂದು ಪದ ಹಾಡಲು ನೋಡಿದೆ. ಹಾಡು ಬರಲಿಲ್ಲ. ಹುಟ್ಟಿದಾಗಿನಿಂದ ಈ ಹುಡುಗನ ಜೊತೆ ನಾನು ಬನ್ನು ಬಿಟ್ಟು ಬೇರೆ ಏನನ್ನೂ ಮಾತಾಡಿಲ್ಲ ಎಂದು ಆಗ ತಿಳಿಯಿತು. ಇದು ಎಷ್ಟೋ ದಿನ ನಡೆಯಿತು. ದಿನಾ ಅವನು ಬರುವುದು, ಹುಡುಕುವುದು, ಅಳುವುದು, ನಾನು ತಲೆ ತಗ್ಗಿಸಿ ಕೂರುವುದು. ಕಡೆಗೊಂದು ದಿನ ಅವನು ಅಳಲಿಲ್ಲ. ನನ್ನ ಮೊಣಕಾಲು ಹಿಡಿದು ಎದ್ದು ನಿಂತ. ನನ್ನ ಖಾಲಿ ಕೈಯನ್ನು ಒಮ್ಮೆ ನೋಡಿದ. ಆಮೇಲೆ ಮೊಣಕಾಲು ಬಿಟ್ಟು, ನನಗೆ ಬೆನ್ನು ತಿರುಗಿಸಿ, ಓಲಾಡುತ್ತ, ಯಾರನ್ನೂ ಹಿಡಿಯದೆ, ಬಾಗಿಲಲ್ಲಿ ಬಟ್ಟೆ ಮಡಿಚುತ್ತಿದ್ದ ಅವನ ತಾಯಿಯ ಕಡೆಗೆ ನಡೆದ.

ಸುಜಾತ ಬಟ್ಟೆ ಬಿಟ್ಟು ಅವನನ್ನು ಬಾಚಿ ಹಿಡಿದಳು. ಈರಮ್ಮ ಒಳಗಿಂದ ಓಡಿ ಬಂದಳು. ಅವನು ಇವತ್ತು ನಡೆಯುತ್ತಾನೆ, ನಾಳೆ ನಡೆಯುತ್ತಾನೆ ಎಂದು ಮನೆಯವರೆಲ್ಲ ಉಸಿರು ಹಿಡಿದು ಕಾದ ಹೆಜ್ಜೆ ಅದು. ನನ್ನ ಕಣ್ಣು ತುಂಬಿದ್ದನ್ನು ನೋಡಿ ಸುಜಾತ, "ಅತ್ತೀ, ಮಾವಾರಿಗೆ ಎಷ್ಟು ಖುಷಿ ಆಗೈತಿ ನೋಡ್ರಿ" ಎಂದಳು. ಹೌದು ಎಂದು ತಲೆಯಾಡಿಸಿದೆ. ಖುಷಿ ಆಗಿದ್ದು ಸುಳ್ಳಲ್ಲ. ಆದರೆ ಅವನು ನನ್ನನ್ನು ಬಿಟ್ಟು ಹೋಗುವುದಕ್ಕೆಂದೇ ನಡೆಯಲು ಕಲಿತದ್ದನ್ನು ಆ ಹೊತ್ತಿನಲ್ಲಿ ಯಾರಿಗೆ ಹೇಳಲಿ?