ಪೆಟ್ಟಿಗೆಯ ಮೇಲೆ ನಾಲ್ಕು ವರ್ಷದ ಧೂಳು

ರಘುನಾಥ ಮೇಷ್ಟ್ರು ಮಾಡಿದ ತಪ್ಪು ಒಂದೇ. ಪುಸ್ತಕದ ಪೆಟ್ಟಿಗೆಯ ಬೀಗ ತೆಗೆದರು.

ತಮಿಳುನಾಡಿನ ನಲ್ಲಂಪಳ್ಳಿಯಿಂದ ಏಳು ಮೈಲಿ ಒಳಗಿರುವ ಆ ಊರಿನ ಶಾಲೆಗೆ, ಆರನೇ ಏಳನೇ ಕ್ಲಾಸಿನ ಮಕ್ಕಳು ಪಾಠದ ಪುಸ್ತಕದ ಆಚೆಗೂ ಏನಾದರೂ ಓದಲಿ ಎಂದು ಸರ್ಕಾರ ನಲವತ್ತು ಪುಸ್ತಕ ಕಳಿಸಿ ನಾಲ್ಕು ವರ್ಷವಾಗಿತ್ತು. ಇರುವೆ, ಚಂದ್ರ, ಮೂಳೆ, ನದಿ, ರೈಲು, ಎರೆಹುಳು, ಒಂದೊಂದಕ್ಕೂ ಒಂದೊಂದು ಪುಸ್ತಕ. ಬಂದ ದಿನವೇ ಹೆಡ್‌ಮಾಸ್ಟರ್ ಮುತ್ತುಸ್ವಾಮಿಯವರು ಅವನ್ನೆಲ್ಲ ತಗಡಿನ ಪೆಟ್ಟಿಗೆಗೆ ತುಂಬಿ, ಬೀಗ ಜಡಿದು, ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡರು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಕೀಲಿಗೂ ತುಕ್ಕು, ಅವರ ಸೊಂಟಕ್ಕೂ ತುಕ್ಕು.

“ಪುಸ್ತಕ ಕಿತ್ತೋದ್ರೆ ನಾನು ಜವಾಬು ಕೊಡ್ಬೇಕು ರಘುನಾಥ. ಓದ್ದೇ ಇದ್ರೆ ಯಾರೂ ಕೇಳಲ್ಲ,” ಎಂಬುದು ಅವರ ಶಿಕ್ಷಣ ತತ್ವ.

ಅವರು ಕಣ್ಣಿನ ಆಪರೇಷನ್ನಿಗೆ ಸೇಲಂಗೆ ಹೊರಟಾಗ ಕೀಲಿ ರಘುನಾಥರ ಕೈಗೆ ಬಂತು. “ಮುಟ್ಟಬ್ಯಾಡಿ,” ಎಂದು ಮೂರು ಸಲ ಹೇಳಿ ಬಸ್ಸು ಹತ್ತಿದರು. ಹೇಳದೆ ಹೋಗಿದ್ದರೆ ರಘುನಾಥರು ಬಹುಶಃ ಮುಟ್ಟುತ್ತಿರಲಿಲ್ಲ. ಹನ್ನೆರಡು ವರ್ಷದ ಸರ್ವೀಸಿನಲ್ಲಿ ಯಾರ ಮಾತನ್ನೂ ಮೀರದ ಮನುಷ್ಯ, ಬಸ್ಸಿನ ಹೊಗೆ ಇಳಿಯುವ ಮೊದಲೇ ನಲವತ್ತು ಪುಸ್ತಕವನ್ನೂ ಮಕ್ಕಳಿಗೆ ಹಂಚಿಬಿಟ್ಟರು.

ಪುಸ್ತಕ ತಮಿಳಿನದು, ಮನೆಮಾತು ಕನ್ನಡ. ಮಕ್ಕಳು ತಮಿಳಿನಲ್ಲಿ ಓದಿ ಕನ್ನಡದಲ್ಲಿ ಹೇಳತೊಡಗಿದರು. ಏಳನೇ ಕ್ಲಾಸಿನ ಧನಲಕ್ಷ್ಮಿ ಕುರಿಹಟ್ಟಿಯಲ್ಲಿ ಕೂತು ಚಂದ್ರನ ಪುಸ್ತಕ ಹೇಳಿದರೆ ಅವಳ ಅಜ್ಜಿ ಚಿನ್ನಕ್ಕ ಕುರಿ ಎಣಿಸುವುದನ್ನೇ ಮರೆಯುತ್ತಿದ್ದಳು. ಮಂಡಿನೋವಿನ ಮಾದಪ್ಪ ಮೊಮ್ಮಗನ ಕೈಯಿಂದ ಮೂಳೆಯ ಪುಸ್ತಕ ಕಿತ್ತುಕೊಂಡು, ಚಿತ್ರ ನೋಡಿ ತನ್ನ ಮೈಯನ್ನು ತಾನೇ ಒತ್ತಿ ತಾಳೆ ನೋಡುತ್ತಿದ್ದ.

ಹತ್ತನೇ ದಿನ ಬೆಳಿಗ್ಗೆ ಟೌನ್ ಬಸ್ಸಿನ ಕಂಡಕ್ಟರ್ ಒಂದು ಚೀಟಿ ಕೊಟ್ಟು ಹೋದ. ಶಿಕ್ಷಣಾಧಿಕಾರಿ ಲಕ್ಷ್ಮಣನ್ ಇವತ್ತು ಎರಡು ಗಂಟೆಗೆ ಬರುತ್ತಾರೆ, ಪುಸ್ತಕದ ಪೆಟ್ಟಿಗೆ ತಪಾಸಣೆ.

ರಘುನಾಥರ ಧೈರ್ಯ ಬಿಸಿ ಕಾವಲಿಯ ಮೇಲಿನ ನೀರಿನ ಹನಿಯಂತೆ ಚುಯ್ ಎಂದಿತು. ಮೊದಲು ಓಡಿದ್ದು ಮಾದಪ್ಪನ ಮನೆಗೆ.

“ಈಗ ಕೊಡಾಕಾಗಲ್ಲ ವಾತ್ಯಾರೇ. ಸೊಂಟ ದಾಟಿ ಈಗ ಮಂಡಿಗೆ ಬಂದಿವ್ನಿ.” ಮೇಷ್ಟ್ರು ಆ ಊರಿನ ಬಾಯಲ್ಲಿ ‘ವಾತ್ಯಾರು’.

“ಮಾದಪ್ಪಣ್ಣ, ನನ್ ಕೆಲ್ಸ ಓಗ್ತೈತೆ.”

“ಕೆಲ್ಸ ಇನ್ನೊಂದು ಸಿಗ್ತೈತೆ. ಮಂಡಿ ಸಿಗ್ತೈತಾ?”

ಪುಸ್ತಕದ ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ಅಷ್ಟರಲ್ಲಿ ಚಿನ್ನಕ್ಕ ಬಂದಳು. ವಿಷಯ ಕೇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಬಿಡಲಾ ಮಾದಪ್ಪ. ನಮ್ ಮಕ್ಳಿಗೆ ಪುಸ್ತಕ ಕೊಟ್ಟೋರ್ನ ಯಾವನೋ ಆಫೀಸರು ಬಂದು ಕೆಡಿಸ್ತಾನಾ? ನೋಡೇ ಬಿಡಾನ.”

ಹನ್ನೊಂದು ಗಂಟೆಯ ಹೊತ್ತಿಗೆ ನಲವತ್ತೂ ಪುಸ್ತಕ ಶಾಲೆಯ ಅಂಗಳದಲ್ಲಿದ್ದವು. ಇರುವೆಯ ಪುಸ್ತಕಕ್ಕೆ ರಾಗಿಮುದ್ದೆ ಮೆತ್ತಿತ್ತು. ಚಂದ್ರನ ಮುಖಕ್ಕೆ ಅರಿಶಿನ. ನದಿಯ ಪುಸ್ತಕ ಬಾವಿಗೆ ಬಿದ್ದೆದ್ದು ಪೂರಿಯಂತೆ ಉಬ್ಬಿತ್ತು. ರೈಲಿನ ಪುಸ್ತಕದ ಅಂಚನ್ನು ಕುರಿಮರಿಯೊಂದು ಜೋಲಾರಪೇಟೆ ಜಂಕ್ಷನ್ನಿನವರೆಗೆ ಮೇಯ್ದಿತ್ತು.

ಊರಿಗೆ ಊರೇ ಕೆಲಸಕ್ಕೆ ಕೂತಿತು. ಅರಿಶಿನದ ಕಲೆ ಬಿಸಿಲಿಗೆ ಹಾರುತ್ತದೆಂದು ಹೆಂಗಸರು ಚಂದ್ರನನ್ನು ಒಣಹಾಕಿದರು. ಉಬ್ಬಿದ ನದಿಯ ಮೇಲೆ ಬೀಸುಕಲ್ಲು ಹೇರಿದರು. ಮಾದಪ್ಪ ಕುರಿಯ ತುಪ್ಪಟ ಕತ್ತರಿಸುವ ಕತ್ತರಿ ತಂದು, ಪುಸ್ತಕವನ್ನು ಮರಿಯಂತೆ ತೊಡೆಯ ನಡುವೆ ಅದುಮಿಕೊಂಡು, ನಲವತ್ತರ ಅಂಚನ್ನೂ ಒಂದೇ ಸಮ ಕತ್ತರಿಸಿದ. ಒಂದೂ ಒದೆಯಲಿಲ್ಲ ಎಂದು ಮೆಚ್ಚಿಕೊಂಡ. ಒಂದು ಗಂಟೆಗೆ ಪುಸ್ತಕಗಳು ಅಚ್ಚಿನ ಮನೆಯಿಂದ ಈಗ ತಾನೇ ಬಂದಂತೆ ಪೆಟ್ಟಿಗೆ ಸೇರಿದವು.

ಚಿನ್ನಕ್ಕ ಸುತ್ತ ಬಂದು ನೋಡಿದಳು. “ಧೂಳೇ ಇಲ್ವಲ್ಲ ವಾತ್ಯಾರೇ. ಯಾರಾದ್ರೂ ನಂಬ್ತಾರಾ?”

ಬೀದಿಯ ಮಣ್ಣು ತಂದು, ರಾಗಿಹಿಟ್ಟಿನ ಜರಡಿ ಹಿಡಿದು, ಪುಸ್ತಕದ ಮೇಲೆ, ಪೆಟ್ಟಿಗೆಯ ಮೇಲೆ ನಯವಾಗಿ ಧೂಳು ಉದುರಿಸಿದಳು. ಹೆಡ್‌ಮಾಸ್ಟರ ನಾಲ್ಕು ವರ್ಷದ ಧೂಳೂ ಅಷ್ಟು ಸಮವಾಗಿ ಕೂತಿರಲಿಲ್ಲ.

ಉಳಿದದ್ದು ಬಾಯಿ. ರಘುನಾಥರು ಮಕ್ಕಳನ್ನು ಸಾಲಾಗಿ ಕೂರಿಸಿದರು. “ಆಫೀಸರು ಏನು ಕೇಳಿದ್ರೂ ಗೊತ್ತಿಲ್ಲ ಅನ್ನಿ. ಪುಸ್ತಕ ನೋಡೇ ಇಲ್ಲ ಅನ್ನಿ.”

“ಇದ್ನ ನಮ್ ಮಕ್ಳಿಗೆ ಏಳ್ಕೊಡಬೇಕಾ?” ಎಂದು ಮಾದಪ್ಪ ನಕ್ಕ. ಮೂರು ತಲೆಮಾರಿನಿಂದ ಫಾರೆಸ್ಟ್ ಗಾರ್ಡು ಬಂದು ‘ಕಾಡಿಗೆ ನುಗ್ಗಿದ ಕುರಿ ಯಾರದು’ ಎಂದರೆ, ಕುರಿಯ ನಡುವೆಯೇ ನಿಂತು ‘ಯಾವ ಕುರಿ’ ಎಂದು ಕೇಳಿದ ಊರು ಅದು.

ಚಿನ್ನಕ್ಕ ಒಂದು ಮಾತು ಸೇರಿಸಿದಳು. “ಆಫೀಸರು ವಾತ್ಯಾರ್ನ ಬೆದ್ರಿಸಿದ್ರೆ ಅವ್ರೇ ಬಂದು ನಿಜ ಏಳಿ ಅಂದಾರು. ಆಗ್ಲೂ ಬಾಯಿ ಬಿಡಬ್ಯಾಡಿ. ಆ ಗಾರ್ಡು ನನ್ ಗಂಡನ್ನ ಇಂಗೇ ಬೆದ್ರಿಸಿ ಬಾಯಿ ಬಿಡಿಸಿದ್ದ.”

ಎರಡು ಗಂಟೆಗೆ ಜೀಪು ಬಂತು. ಲಕ್ಷ್ಮಣನ್ ಆಡಿದ್ದೆಲ್ಲ ತಮಿಳು. ನಮ್ಮ ಅನುಕೂಲಕ್ಕೆ ಇಲ್ಲಿ ಕನ್ನಡ ಆಡುತ್ತಾರೆ. ಪೆಟ್ಟಿಗೆ ತೆಗೆಸಿದರು. ಧೂಳಿನ ಮೇಲೆ ಬೆರಳಾಡಿಸಿದರು. ಒಂದು ಪುಸ್ತಕ ಬಿಡಿಸಿ ಮೂಸಿದರು. ಅವರ ಮುಖ ಹುಣಸೆಹಣ್ಣು ಕಚ್ಚಿದಂತಾಯಿತು.

“ಒಂದು ಬೆರಳ ಗುರುತೂ ಇಲ್ಲ,” ಎಂದರು.

“ಇಲ್ಲ ಸಾರ್,” ಎಂದರು ರಘುನಾಥರು ಹೆಮ್ಮೆಯಿಂದ.

“ಇಂಥದ್ದಕ್ಕೇ ಹೊಸ ಆರ್ಡರ್ ಬಂದಿರೋದು. ಪುಸ್ತಕ ಓದಿ ಹಾಳು ಮಾಡಿದ ಶಾಲೆಗೆ ಇನ್ನೊಂದು ಪೆಟ್ಟಿಗೆ. ಹೀಗೆ ಪೂಜೆಗೆ ಇಟ್ಟ ಶಾಲೆಯಿಂದ ಇದ್ದದ್ದೂ ವಾಪಸ್. ಜೀಪಲ್ಲಿ ಅರವತ್ತು ಹೊಸ ಪುಸ್ತಕ ಇತ್ತು. ನಿಮಗಿಲ್ಲ.”

ರಘುನಾಥರಿಗೆ ಒಂದು ಕ್ಷಣ ಕಿವಿ ಕೇಳಲಿಲ್ಲ. ಕೇಳಿದ ಮೇಲೆ, ಹತ್ತು ದಿನದ ಹಿಂದಿನ ಧೈರ್ಯ ತಿರುಗಿ ಬಂತು. ಹೋಗಿ ಪೆಟ್ಟಿಗೆಗೆ ಅಡ್ಡ ನಿಂತರು.

“ಇವೆಲ್ಲ ಓದಿದ ಪುಸ್ತಕ ಸಾರ್. ಹೆಡ್‌ಮಾಸ್ಟರ ಮಾತು ಮೀರಿ ನಾನೇ ಕೊಟ್ಟೆ. ಊರೆಲ್ಲ ಓದಿದೆ. ಈ ಧೂಳು ಮಧ್ಯಾಹ್ನ ಜರಡಿ ಹಿಡಿದದ್ದು.”

“ಧೂಳಿಗೆ ಜರಡಿ ಹಿಡಿಯೋ ಊರು ನಾನು ನೋಡಿಲ್ಲ ರಘುನಾಥ.”

“ಹಾಗಾದ್ರೆ ಮಕ್ಕಳನ್ನೇ ಕೇಳಿ.”

ಲಕ್ಷ್ಮಣನ್ ಧನಲಕ್ಷ್ಮಿಯತ್ತ ತಿರುಗಿದರು. “ಚಂದ್ರನಿಗೆ ಸ್ವಂತ ಬೆಳಕು ಇದೆಯಾ ಮಗೂ?”

“ಗೊತ್ತಿಲ್ಲ ಸಾರ್.”

“ಇರುವೆಗೆ ಎಷ್ಟು ಕಾಲು?”

“ನೋಡಿಲ್ಲ ಸಾರ್.”

“ಇರುವೆಯನ್ನೇ ನೋಡಿಲ್ವಾ?”

“ನಮ್ಮೂರಲ್ಲಿ ಇಲ್ಲ ಸಾರ್.”

ರಘುನಾಥರು ಅವಳ ಮುಂದೆ ಮೊಣಕಾಲೂರಿ ಕೂತರು. “ಧನಲಕ್ಷ್ಮಿ, ನಾನ್ ಏಳಿದ್ದು ಮರ್ತುಬಿಡಮ್ಮ. ನಿಜ ಏಳು.”

ಹುಡುಗಿ ಅಜ್ಜಿಯ ಕಡೆ ನೋಡಿದಳು. ಚಿನ್ನಕ್ಕ ‘ನಾ ಏಳ್ಲಿಲ್ವಾ’ ಎಂಬಂತೆ ಕಣ್ಣು ಮಿಟುಕಿಸಿದಳು. ಧನಲಕ್ಷ್ಮಿ ತುಟಿಯನ್ನು ದಾರದಿಂದ ಹೊಲಿದಂತೆ ಮುಚ್ಚಿದಳು. ಮಾದಪ್ಪನನ್ನು ಕೇಳಿದರೆ, “ಪುಸ್ತಕವಾ? ಅಂಗಂದ್ರೇನು ಸಾಮಿ?” ಎಂದ.

ರಘುನಾಥರು ಪೆಟ್ಟಿಗೆಯ ಮೇಲೆ ಹತ್ತಿ ಕೂತೇಬಿಟ್ಟರು. “ನಾನು ಇಲ್ಲಿಂದ ಮೇಲೇಳಲ್ಲ ಸಾರ್. ಮೆಮೊ ಕೊಡಿ, ಸಸ್ಪೆಂಡ್ ಮಾಡಿ. ಇದು ಓಗ್ಬೇಕು ಅಂದ್ರೆ ನನ್ನೂ ಸೇರಿಸಿ ಎತ್ಕೊಂಡು ಓಗಿ.”

ಡ್ರೈವರ್ ಹಿಂದೆಮುಂದೆ ನೋಡಿದ. ಆದರೆ ಚಿನ್ನಕ್ಕ, ಮಾದಪ್ಪ ಮತ್ತು ಆರು ಜನ ಹೆಂಗಸರು ಮುಂದೆ ಬಂದು ಮೇಷ್ಟ್ರನ್ನು ಕಂಕುಳಿಗೆ ಕೈಹಾಕಿ ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟರು.

“ಓಗ್ಲಿ ಬಿಡಿ ವಾತ್ಯಾರೇ,” ಎಂದು ಚಿನ್ನಕ್ಕ ಕಿವಿಯಲ್ಲಿ ಹೇಳಿದಳು. “ಕಾಗ್ದ ತಗೊಂಡು ಓಗ್ಲಿ. ನೀವು ಉಳ್ಕೊಂಡ್ರೆ ಸಾಕು.”

ಲಕ್ಷ್ಮಣನ್ ಶಾಲೆಯ ವಿಸಿಟ್ ಬುಕ್ಕಿನಲ್ಲಿ ನಿಧಾನವಾಗಿ ಬರೆದರು: ಪುಸ್ತಕಗಳು ಸುಸ್ಥಿತಿಯಲ್ಲಿವೆ, ಮಕ್ಕಳಿಗೆ ಇರುವೆಯೂ ತಿಳಿದಿಲ್ಲ, ರಘುನಾಥ ಮೂರು ದಿನದೊಳಗೆ ವಿವರಣೆ ಕೊಡತಕ್ಕದ್ದು. ಹಳೆಯ ಪೆಟ್ಟಿಗೆಯನ್ನು ಹೊಸ ಪೆಟ್ಟಿಗೆಯ ಪಕ್ಕ ಏರಿಸಿಕೊಂಡು ಜೀಪು ಹರೂರಿನ ಕಡೆ ಹೋಯಿತು.

ರಘುನಾಥರು ಶಾಲೆಯ ಮೆಟ್ಟಿಲ ಮೇಲೆ ಕುಸಿದರು. ಮಾದಪ್ಪ ಅವರ ಬೆನ್ನು ತಟ್ಟಿದ. ಜೀಪು ತಿರುವು ದಾಟಿದ್ದನ್ನು ಖಚಿತ ಮಾಡಿಕೊಂಡು ಧನಲಕ್ಷ್ಮಿ ಓಡಿ ಬಂದಳು. ಮುಖ ದೀಪದಂತೆ ಹೊಳೆಯುತ್ತಿತ್ತು.

“ಸಾರ್, ಚಂದ್ರಂಗೆ ಸ್ವಂತ ಬೆಳಕಿಲ್ಲ, ಸೂರ್ಯಂದು. ಇರುವೆಗೆ ಆರು ಕಾಲು. ಆ ಮೂಳೆ ಪುಸ್ತಕಾನೂ ನಂಗೆ ಬಾಯಿಪಾಠ,” ಎಂದು ಉಸಿರು ಎಳೆದುಕೊಂಡಳು. “ಎಲ್ಲಾ ಗೊತ್ತಿತ್ತು ಸಾರ್. ಒಂದನ್ನೂ ಏಳ್ಲಿಲ್ಲ.”