ಬೀದಿಗೊಬ್ಬ ನರ್ಸ್

ಗಡಿಯಾರ ರಿಪೇರಿ ಮಾಡುವವನಿಗೇ ಸಮಯವಿಲ್ಲ ಎಂದರೆ ಕೇಳಿದವರು ನಗುತ್ತಾರೆ. ಗಡಿಯಾರದಣ್ಣನ ಹೆಂಡತಿ ಮಾತ್ರ ನಗುತ್ತಿರಲಿಲ್ಲ.

ಎಡವಟ್ಟು ಶುರುವಾದದ್ದು ಕೊರೋನಾ ಕಾಲದಲ್ಲಿ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದವನು ಸುಮ್ಮನಿರಲಾರದೆ ಮೂರನೇ ಮಹಡಿಯ ಅಜ್ಜಿಗೆ ಮಾತ್ರೆ ತಂದುಕೊಟ್ಟ. ಮರುದಿನ ಪಕ್ಕದ ಮನೆಯವರೂ ಚೀಟಿ ಕೊಟ್ಟರು. ಆಮೇಲೆ ಅವನೇ ಒಂದು ಬಿ.ಪಿ. ಮಿಷಿನ್ನು ಕೊಂಡ. ಕಾಯಿಲೆ ಹೋಯಿತು, ಚೀಟಿಗಳು ಹೋಗಲಿಲ್ಲ. ಇವತ್ತಿಗೂ ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಅವನು ಬೀದಿಯವರ ತೋಳುಗಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾನೆ, ಮಾತ್ರೆ ಎಣಿಸುತ್ತಾನೆ, ಮಂಡಿನೋವಿನ ಕತೆ ಕೇಳುತ್ತಾನೆ. ‘ಆಗಲ್ಲ’ ಎಂಬ ಮಾತು ಅವನ ಗಂಟಲಿನಿಂದ ಮೇಲೆ ಬಂದದ್ದೇ ಇಲ್ಲ.

ಶಾಲೆಯ ಗೋಪುರದ ಗಡಿಯಾರ ಆ ಕಾಲದಿಂದಲೂ ಹತ್ತು ಇಪ್ಪತ್ತಕ್ಕೆ ನಿಂತಿತ್ತು. ಅದನ್ನು ತನ್ನ ಕೈಯಾರೆ ಬಿಚ್ಚಿ ಓಡಿಸಬೇಕೆಂಬುದು ಅವನ ಬಹಳ ದಿನದ ಆಸೆ. ಹೆಡ್‌ಮೇಡಂ ಒಪ್ಪಿದ್ದರು. ಆದರೆ ಒಂದು ತಿಂಗಳು, ಮಕ್ಕಳು ಬರುವ ಮೊದಲು, ಬೆಳಗ್ಗೆ ಏಳಕ್ಕೇ ಬರಬೇಕು. ಸೋಮವಾರದಿಂದ ಬರುತ್ತಾನೋ ಇಲ್ಲವೋ ಎಂಬುದನ್ನು ಶುಕ್ರವಾರ ಸಂಜೆಯೊಳಗೆ ತಿಳಿಸಬೇಕಿತ್ತು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ.

ಸರಿಯಾಗಿ ಅದೇ ದಿನ ಆರೋಗ್ಯ ಕಚೇರಿಯಿಂದ, ಬೀದಿಗೆ ಹಂಚಲೆಂದು, ಮೂವತ್ತೆರಡು ಹಾಳೆ ಅವನ ಕೈಗೆ ಬಂದವು. ಕೊರೋನಾ ಮುಗಿದ ಮೇಲೆ ಬೀದಿಯಲ್ಲಿ ಆರೈಕೆ ಹೇಗಿದೆ ಎಂದು ನಿವಾಸಿಗಳು ಬರೆದುಕೊಡಬೇಕು. ಸಂಜೆ ಐದಕ್ಕೆ ಅಧಿಕಾರಿ ಮೇಡಂ ಬಂದು ಓದುತ್ತಾರೆ. ಅಗತ್ಯ ಕಂಡರೆ ದಿನಾ ಬೆಳಗ್ಗೆ ಬೀದಿಗೆ ಒಬ್ಬರು ನರ್ಸ್. ಇಷ್ಟು ಓದುವಷ್ಟರಲ್ಲಿ ಗಡಿಯಾರದಣ್ಣನ ಕಣ್ಣು ಖುಷಿಗೆ ಮಂಜಾಯಿತು. ಕೆಳಗಿದ್ದ ಪ್ರಶ್ನೆಗಳತ್ತ ಅವನು ನೋಡಲೇ ಇಲ್ಲ.

“ನನಗೆ ಸಾಕಾಗಿದೆ, ನರ್ಸ್ ಬೇಕು ಅಂತ ಬರೀರಿ ಅಂತ ಬಾಯಿ ಬಿಟ್ಟು ಹೇಳಿ” ಎಂದಳು ಹೆಂಡತಿ.

“ಹಾಗೆಲ್ಲ ಹೇಳಿದ್ರೆ ಬೇಜಾರು ಮಾಡ್ಕೋತಾರೆ ಕಣೆ.”

ಅವಳು ಇಸ್ತ್ರಿ ಮಾಡಿದ ಅಂಗಿ ಅವನ ಕೈಗಿತ್ತು ಒಳಗೆ ಹೋದಳು.

ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತವನನ್ನು ಅಜ್ಜಿ ಮೇಲಿಂದ ಕೆಳಗೆ ನೋಡಿದರು. “ಏನೋ ಇದು, ಮುಖವೆಲ್ಲ ಬೆವರು?”

“ಏನಿಲ್ಲಜ್ಜಿ. ಆರೋಗ್ಯ ಕಚೇರಿಯೋರು ಸಂಜೆ ಬರ್ತಿದಾರೆ. ಇದರಲ್ಲಿ ಇದ್ದದ್ದು ಇದ್ದ ಹಾಗೆ ಬರೆದುಬಿಡಿ. ನನ್ನ ದಾಕ್ಷಿಣ್ಯ ಏನೂ ಬೇಡ.”

ಅಜ್ಜಿ ಕನ್ನಡಕ ಏರಿಸಿ ಹಾಳೆಯನ್ನು ಕೊನೆಯವರೆಗೆ ಓದಿದರು. ಅವರ ಮುಖ ಗಂಭೀರವಾಯಿತು. “ನೀನು ಹೋಗು. ನಾನಿದೀನಿ” ಎಂದು ಫೋನ್ ಕೈಗೆತ್ತಿಕೊಂಡರು.

ಅವನು ಕೆಳಗಿಳಿಯುವಷ್ಟರಲ್ಲಿ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು. ನಿವೃತ್ತ ಪೋಸ್ಟ್‌ಮಾಸ್ಟರು ಬಾಗಿಲಲ್ಲೇ ಕಾದಿದ್ದು, ಅವನನ್ನು ಒಳಗೆ ಕೂರಿಸಿ ನೀರು ಕೊಟ್ಟು, ಬೆನ್ನು ತಟ್ಟಿದರು. “ಧೈರ್ಯವಾಗಿರು. ಬೀದಿಗೆ ಬೀದಿಯೇ ಒಂದಾಗಿದೆ.” ತಾವು ಬರೆದ ಹಾಳೆಯನ್ನು ಮಡಿಸಿ, ಯಾರೂ ತಿದ್ದಬಾರದೆಂದು ಗೋಂದು ಹಚ್ಚಿ ಮುಚ್ಚಿದರು. ಆಮೇಲೆ ಗೋಂದಿನ ಶೀಷೆ ಹಿಡಿದು ಮನೆಮನೆಗೂ ಅವನ ಹಿಂದೆಯೇ ಬಂದರು.

ಟೈಲರಮ್ಮ ಹೊಲಿಗೆ ಬಿಟ್ಟೆದ್ದು, ಜಾಗ ಸಾಲದೆ ಹಾಳೆಯ ಹಿಂಬದಿಗೂ ಬರೆದಳು. ಬರೆಯುತ್ತ ಕಣ್ಣೊರೆಸಿಕೊಂಡಳು. “ನಮಗೋಸ್ಕರ ಎಷ್ಟು ಅನುಭವಿಸಿದ್ರಿ ಅಣ್ಣ” ಎಂದಳು. ಗೋಂದು ಹಚ್ಚಿದ ಹಾಳೆಯನ್ನು ಗಡಿಯಾರದಣ್ಣ ಎದೆಗೆ ಒತ್ತಿಕೊಂಡ. ತಾನು ಬಾಯಿ ಬಿಡದಿದ್ದರೂ ಇವರಿಗೆಲ್ಲ ತನ್ನ ಕಷ್ಟ ತಿಳಿದುಬಿಟ್ಟಿದೆ. ಇನ್ನು ನರ್ಸ್ ಬಂದಂತೆಯೇ ಎಂದುಕೊಂಡು ನಾಲ್ಕೂವರೆಗೆ ಹೆಡ್‌ಮೇಡಂಗೆ ಫೋನ್ ಮಾಡಿ, “ಸೋಮವಾರ ಬೆಳಗ್ಗೆ ಏಳಕ್ಕೆ ಬರ್ತೀನಿ” ಎಂದು ಮಾತು ಕೊಟ್ಟ.

ಐದಕ್ಕೆ ಎಲ್ಲರೂ ಕೆಳಗಿನ ಹಾಲ್‌ನಲ್ಲಿ ಸೇರಿದರು. ಅಧಿಕಾರಿ ಮೇಡಂ ಎಣಿಸಿದಾಗ ಮೂವತ್ತೊಂದೇ ಹಾಳೆ. ಮೂವತ್ತೆರಡನೆಯದು ಗೋಂದಿನ ದೆಸೆಯಿಂದ ಗಡಿಯಾರದಣ್ಣನ ಅಂಗಿಗೆ ಅಂಟಿಕೊಂಡಿತ್ತು. ಮೇಡಂ ಅದನ್ನೇ ಮೊದಲು ಕಿತ್ತು ಬಿಡಿಸಿದರು. ಅದರ ಜೊತೆ ಜೇಬೂ ಹೋಯಿತು. ಅವರು ಗಟ್ಟಿಯಾಗಿ ಓದತೊಡಗಿದರು.

“ಈಗ ನಿಮ್ಮ ಆರೈಕೆ ಮಾಡುತ್ತಿರುವವರು ಯಾರು? ‘ಗಡಿಯಾರದಣ್ಣ.’ ಅವರ ಮೇಲೆ ದೂರುಗಳಿವೆಯೇ? ‘ಇಲ್ಲ. ಯಾರಾದರೂ ಕೊಟ್ಟಿದ್ದರೆ ಅದು ಸುಳ್ಳು.’ ಬೇರೆ ಯಾರಾದರೂ ಬೇಕೇ? ‘ಬೇಡವೇ ಬೇಡ.’”

ಮೂವತ್ತೆರಡರಲ್ಲೂ ಅದೇ ಉತ್ತರ. ಮೇಡಂ ಕನ್ನಡಕ ತೆಗೆದರು. “ಇಷ್ಟು ತೃಪ್ತಿಯಾಗಿರೋ ಬೀದಿ ನಾನು ನೋಡೇ ಇಲ್ಲ. ನರ್ಸ್ ಪಕ್ಕದ ಬೀದಿಗೆ ಹೋಗ್ಲಿ ಬಿಡಿ. ಪಾಪ, ಅಲ್ಲಿ ಯಾರೂ ಇಲ್ಲ” ಎಂದು ಹಾಳೆಗಳನ್ನು ಕಟ್ಟಿಕೊಂಡು ಹೊರಟೇಬಿಟ್ಟರು.

ಅಜ್ಜಿ ಅವನ ಕಿವಿಯ ಹತ್ತಿರ ಬಾಗಿದರು. “ಡಾಕ್ಟರ್ ಅಲ್ಲದೋನು ಬಿ.ಪಿ. ನೋಡ್ತಾನೆ ಅಂತ ಯಾರೋ ನಿನ್ನ ಮೇಲೆ ದೂರು ಕೊಟ್ಟಿದಾರೆ ಅಂದ್ಕೊಂಡೆ ಕಣೋ. ಹೇಗೆ ಉಳಿಸಿದ್ವಿ ನೋಡು.”

ಗಡಿಯಾರದಣ್ಣ ಜೇಬಿಲ್ಲದ ಅಂಗಿಯನ್ನೊಮ್ಮೆ ನೋಡಿಕೊಂಡ. “ಅಜ್ಜಿ,” ಎಂದ, “ನನಗೆ ಇನ್ನು ಆಗಲ್ಲ.”

ಆ ಮಾತು ಬಂದದ್ದೇ ತಡ, ಗೋಪುರ, ಏಣಿ, ಹತ್ತು ಇಪ್ಪತ್ತು ಎಲ್ಲ ಹೊರಬಂತು. “ಇಷ್ಟು ವರ್ಷ ಹೇಳಬಾರದಾಗಿತ್ತೇನೋ, ಕತ್ತೆ” ಎಂದರು ಅಜ್ಜಿ. ಬೈಗುಳದಲ್ಲಿ ಅಳು ಬೆರೆತಿತ್ತು. ಪೋಸ್ಟ್‌ಮಾಸ್ಟರು ಅಲ್ಲೇ ಒಂದು ಪಟ್ಟಿ ಬರೆದರು: ಏಳು ದಿನಕ್ಕೆ ಏಳು ಜನ, ಬೀದಿಯವರೇ ಬೀದಿಯವರನ್ನು ನೋಡಿಕೊಳ್ಳುವುದು. ಹೆಂಡತಿ ಮಿಷಿನ್ನು ತಂದು ಅವರ ಕೈಗಿತ್ತು, ಅಂದು ಮೊದಲ ಸಲ ನಕ್ಕಳು.

ಸೋಮವಾರ ಏಳಕ್ಕೆ ಗಡಿಯಾರದಣ್ಣ ಗೋಪುರದ ಏಣಿಯ ತುದಿಯಲ್ಲಿದ್ದ. ಮೊದಲ ತಿರುಪು ಇನ್ನೇನು ಸಡಿಲವಾಗಬೇಕು, ಕೆಳಗೆ ಗದ್ದಲ ಕೇಳಿಸಿತು. ಬಗ್ಗಿ ನೋಡಿದ. ಶಾಲೆಯ ಅಂಗಳದಲ್ಲಿ ಅರ್ಧ ಬೀದಿ ಬಟ್ಟೆಯ ತೋಳು ಮೇಲೇರಿಸಿಕೊಂಡು ಸಾಲಾಗಿ ನಿಂತಿತ್ತು. ಅಜ್ಜಿಗೆ ಕುರ್ಚಿ ಹಾಕಿದ್ದರು.

“ಪಟ್ಟಿ ನಾನೇ ಸುತ್ತಿದೀನಪ್ಪ” ಎಂದು ಪೋಸ್ಟ್‌ಮಾಸ್ಟರು ಕೂಗಿದರು. “ಸರಿಯಾಗಿದೆಯಾ ಅಂತ ನೀನೊಂದ್ಸಲ ನೋಡ್ಬಿಟ್ರೆ ಎಲ್ಲರಿಗೂ ಸಮಾಧಾನ.”

ಸಾಲಿನ ಕೊನೆಯಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ಕೈಯೆತ್ತಿದಳು. “ಸಾರ್, ನಾನು ಪಕ್ಕದ ಬೀದಿ ನರ್ಸ್. ಒಂದು ತಿಂಗಳು ನಿಮ್ಮ ಜೊತೆ ಇದ್ದು ಕೆಲಸ ಕಲಿತುಕೊಳ್ಳೋಕೆ ಮೇಡಂ ಹೇಳಿದಾರೆ.”

ಗಡಿಯಾರದಣ್ಣ ನಿಂತ ಮುಳ್ಳುಗಳನ್ನು ನೋಡಿದ, ಕೆಳಗಿನ ಸಾಲನ್ನು ನೋಡಿದ. ಅವನಿಗೆ ನಗು ತಡೆಯಲಾಗಲಿಲ್ಲ.

“ಮೆಲ್ಲಗೆ ಇಳಿಯೋ” ಎಂದರು ಅಜ್ಜಿ. “ಏಣಿ ನಾವೆಲ್ಲ ಹಿಡ್ಕೊಂಡಿದೀವಿ.”