ಫೋರ್ ಯುನಿಟ್ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ತುಂಬ ಪ್ರಾಮಾಣಿಕಳು. ‘ನನಗೆ ಯಾರ ಮೇಲೂ ಅಸೂಯೆಯಿಲ್ಲ’ ಎಂದು ಹಾಯಾಗಿ ಹೇಳುವವರನ್ನು ಕಂಡರೆ ಅವರ ಮೇಲೂ ನನಗೆ ಅಸೂಯೆಯಾಗುತ್ತದೆ. ಬೆಂಗಳೂರಿನಲ್ಲಿದ್ದಾಗ ಪಕ್ಕದ ಮನೆಯವರ ರೇಷ್ಮೆ ಸೀರೆ, ಎದುರು ಮನೆಯವರ ಹೊಸ ಫೋನು, ಹೀಗೆ ಸಣ್ಣಪುಟ್ಟದಕ್ಕೆ ಕರುಬಿಕೊಂಡು ಕಾಲ ಹಾಕುತ್ತಿದ್ದೆ. ಸಿಡ್ನಿಗೆ ಬಂದ ಮೇಲೆ ಆ ಅನುಕೂಲ ತಪ್ಪಿತು. ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರದ ನಮ್ಮ ಬಾಡಿಗೆ ಫ್ಲ್ಯಾಟಿನ ಅಕ್ಕಪಕ್ಕದವರು ಏನು ಕೊಂಡರು, ಎಲ್ಲಿಗೆ ಹೋದರು, ಒಂದೂ ತಿಳಿಯುತ್ತಿರಲಿಲ್ಲ. ಹಾಗಾಗಿ ನನ್ನಲ್ಲಿದ್ದ ಹೊಟ್ಟೆಕಿಚ್ಚನ್ನೆಲ್ಲ ವಿಶಾಲಾಕ್ಷಿಯೊಬ್ಬಳ ಮೇಲೆಯೇ ಖರ್ಚು ಮಾಡಬೇಕಾಯಿತು.

ವಿಶಾಲಾಕ್ಷಿ ಮೈಸೂರಿನವಳು, ನನ್ನ ಗೆಳತಿ. ಅವಳ ಮಗಳು ರಮ್ಯಾ, ನನ್ನ ಮಗಳು ಮೇಘಾ ಒಂದೇ ವಯಸ್ಸಿನವರು. ಶಾಲೆ ಮಾತ್ರ ಬೇರೆ ಬೇರೆ. ಇದು ತೊಂಬತ್ತರ ದಶಕದ ಮಾತು. ಆಗ ಹನ್ನೆರಡನೇ ತರಗತಿಯ ಗಣಿತವನ್ನು ಟೂ ಯುನಿಟ್, ತ್ರೀ ಯುನಿಟ್, ಫೋರ್ ಯುನಿಟ್ ಎಂದು ತೂಕ ಹಾಕಿ ಕೊಡುತ್ತಿದ್ದರು. ಟೂ ಯುನಿಟ್ ಸಾಧಾರಣ ಜನರಿಗೆ. ಫೋರ್ ಯುನಿಟ್ ತಲೆಯಿದ್ದವರಿಗೆ, ಅಥವಾ ಅಪ್ಪ ಅಮ್ಮ ಇಂಡಿಯಾದಿಂದ ಬಂದವರಿಗೆ. ಕಷ್ಟದ ಗಣಿತ ತೆಗೆದುಕೊಂಡರೆ ‘ಸ್ಕೇಲಿಂಗ್’ ಎಂಬುದೊಂದು ನಡೆದು ಅಂಕಗಳು ಮೇಲೇರುತ್ತವೆ, ಯೂನಿವರ್ಸಿಟಿಯ ಬಾಗಿಲು ತೆರೆಯುತ್ತದೆ ಎಂದು ನಮ್ಮವರೆಲ್ಲ ಹೇಳುತ್ತಿದ್ದರು. ಅದು ಹೇಗೆ ನಡೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರಿಗೂ ಅದರಲ್ಲಿ ಭಕ್ತಿ. ಮೇಘಾಗೆ ಪುಟ್ಟ ಮಕ್ಕಳ ಟೀಚರಾಗುವ ಆಸೆ. ಅದಕ್ಕೆ ಟೂ ಯುನಿಟ್ ಸಾಕು, ಜೊತೆಗೆ ಚಿತ್ರಕಲೆ ತೆಗೆದುಕೊಳ್ಳುತ್ತೇನೆ ಎಂದಳು. ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ.

ಅಷ್ಟರಲ್ಲಿ ಗಣೇಶನ ಹಬ್ಬ ಬಂತು. ಕನ್ನಡದವರೆಲ್ಲ ಸೇರಿ, ಮನೆಗೊಂದು ಅಡುಗೆ ಮಾಡಿ ತಂದು, ಕಾಗದದ ತಟ್ಟೆ ಹಿಡಿದು ಸಾಲು ನಿಂತಿದ್ದೆವು. ರಮ್ಯಾ ಯಾವ ಗಣಿತ ತೆಗೆದುಕೊಳ್ಳುತ್ತಾಳೆಂದು ಸುಮ್ಮನೆ ಕೇಳಿದೆ.

“ಅಯ್ಯೋ, ಟೂ ಯುನಿಟ್ ಕಣೇ. ಅವಳಿಗೆಲ್ಲಿ ಬರತ್ತೆ ಮ್ಯಾಥ್ಸು,” ಅಂದಳು ವಿಶಾಲಾಕ್ಷಿ.

ನಮ್ಮ ಜನ ಮಕ್ಕಳನ್ನು ಹೊಗಳುವುದೇ ಹೀಗೆ. ದೃಷ್ಟಿ ತಾಗಬಾರದಲ್ಲ. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದ ವರ್ಷ ನಮ್ಮಮ್ಮ ‘ಇವಳು ಪುಸ್ತಕ ಮುಟ್ಟೋದೇ ಇಲ್ಲ’ ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದರು. ಅಂಥ ತಾಯಿಯ ಮಗಳಿಗೆ ಇಷ್ಟು ತಿಳಿಯುವುದಿಲ್ಲವೇ? ರಮ್ಯಾ ಫೋರ್ ಯುನಿಟ್ ತೆಗೆದುಕೊಂಡಿದ್ದಾಳೆ, ಇವಳು ಮುಚ್ಚಿಡುತ್ತಿದ್ದಾಳೆ. ನನ್ನ ಹೊಟ್ಟೆ ಉರಿಯತೊಡಗಿತು. ಅವಳು ಮಾಡಿ ತಂದ ಬಿಸಿಬೇಳೆಬಾತ್ ಬೇರೆ ಬಹಳ ಚೆನ್ನಾಗಿತ್ತು.

ಕಾರು ಹತ್ತಿದವಳೇ ಮೇಘಾಗೆ ಫೋರ್ ಯುನಿಟ್ ತೆಗೆದುಕೋ ಎಂದೆ.

“ಅಮ್ಮಾ, ಐ ಡೋಂಟ್ ಈವನ್ ಲೈಕ್ ಮ್ಯಾಥ್ಸ್.”

“ಲೈಕ್ ಮಾಡು ಅಂತ ಯಾರು ಹೇಳಿದ್ರು? ತಗೋ ಅಂದೆ, ಅಷ್ಟೆ.”

“ಅವಳಿಷ್ಟ ಬಿಡೇ,” ಎಂದರು ಡ್ರೈವ್ ಮಾಡುತ್ತಿದ್ದ ನನ್ನ ಗಂಡ.

“ನೀವು ರಸ್ತೆ ನೋಡಿ,” ಎಂದೆ.

ಚಿತ್ರಕಲೆ ಹೋಯಿತು. ಮೇಘಾ ಬ್ರಷ್‌ಗಳನ್ನು ಒರೆಸಿ, ಹಳೆಯ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಬೀರುವಿನ ಮೇಲಿಟ್ಟಳು. ಊಟಕ್ಕೆ ಕೂತರೆ ಶಾಲೆಯ ಸುದ್ದಿಯೆಲ್ಲ ಒಪ್ಪಿಸುತ್ತಿದ್ದ ಹುಡುಗಿ ಈಗ ತಟ್ಟೆ ನೋಡಿಕೊಂಡು ಉಂಡು ಎದ್ದುಹೋಗುತ್ತಿದ್ದಳು. ‘ಹೋಗಲಿ, ಬೇಡ ಬಿಡು’ ಎಂದುಬಿಡೋಣ ಎನ್ನಿಸುತ್ತಿತ್ತು. ಆದರೆ ರಮ್ಯಾಳ ನೆನಪಾದ ಕೂಡಲೇ ಮನಸ್ಸು ಗಟ್ಟಿಯಾಗುತ್ತಿತ್ತು.

ದೀಪಾವಳಿಗೆ ವಿಶಾಲಾಕ್ಷಿ ಮನೆಗೆ ಕರೆದಳು. ರಮ್ಯಾ ಜಾಮೂನು ತಂದುಕೊಟ್ಟಾಗ, “ಫೋರ್ ಯುನಿಟ್ ಕಷ್ಟ ಅಲ್ವೇನಮ್ಮಾ?” ಎಂದೆ.

“ಐ ಆಮ್ ಡೂಯಿಂಗ್ ಟೂ ಯುನಿಟ್, ಆಂಟಿ. ಅಮ್ಮ ಹೇಳ್ಲಿಲ್ವಾ?”

ಹೇಳಿದ್ದಳು. ಪಕ್ಕದಲ್ಲಿದ್ದ ಮೇಘಾ ನನ್ನನ್ನೇ ನೋಡಿದಳು. ಏನಾದರೂ ಅಂದಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮನೆಗೆ ಬಂದು, “ಟೂ ಯುನಿಟ್ಟಿಗೇ ಹೋಗು,” ಎಂದೆ.

“ಆರ್ಟ್?”

“ಅದೂ ತಗೋ.”

ಅವಳು ಕುರ್ಚಿ ಹಾಕಿಕೊಂಡು ಬೀರುವಿನ ಮೇಲಿನ ಬಾಟಲಿಯನ್ನು ಇಳಿಸಿದಳು.

ಮರುದಿನ ವಿಶಾಲಾಕ್ಷಿಗೆ ಫೋನ್ ಮಾಡಿದೆ. ಒಮ್ಮೆಯಾದರೂ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎನ್ನಿಸಿತ್ತು.

“ವಿಶಾಲೂ, ಮೇಘಾ ಕೈಲಿ ಫೋರ್ ಯುನಿಟ್ ಆಗ್ಲಿಲ್ಲ ಕಣೇ. ಟೂ ಯುನಿಟ್ಟಿಗೆ ಇಳಿದ್ಲು.”

“ಸಾಕು ಬಿಡೇ. ನನ್ನ ಹತ್ರಾನೂ ಮುಚ್ಚಿಡ್ತೀಯಾ?” ಎಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು, ನನ್ನದೇ ದನಿ. ನನ್ನನ್ನು ಕಂಡು ಯಾರಾದರೂ ಕರುಬಿದ್ದು ಅದೇ ಮೊದಲು. ದೇವರಾಣೆ ನಿಜ ಎನ್ನಬಹುದಿತ್ತು. “ಓದೋದೇ ಇಲ್ಲ ಕಣೇ ಅವಳು,” ಎಂದು ಇನ್ನೊಂದು ನಿಜ ಸೇರಿಸಿದೆ. ಅವತ್ತು ಸಾರಿಗೆ ಒಗ್ಗರಣೆ ಹಾಕುವಾಗ ಹಾಡಿಕೊಂಡೆನಂತೆ. ಗಂಡ ಗಾಬರಿಯಾಗಿ ಅಡುಗೆಮನೆಗೆ ಬಂದು ನೋಡಿದರು.

ಕೆಲವು ದಿನಗಳ ನಂತರ ಮೇಘಾ ನನ್ನೆದುರು ಬಂದು ನಿಂತಳು. ವಿಶಾಲಾಕ್ಷಿ ಶಾಲೆಗೆ ಹೋಗಿ, ಹಟ ಹಿಡಿದು, ರಮ್ಯಾಳನ್ನು ತ್ರೀ ಯುನಿಟ್ಟಿಗೆ ಹಾಕಿಸಿದ್ದಳಂತೆ. ಆ ಹುಡುಗಿ ಮೇಘಾಗೆ ಫೋನ್ ಮಾಡಿ ಅತ್ತಳಂತೆ. “ಇಟ್ಸ್ ಬಿಕಾಸ್ ಆಫ್ ಯೂ, ಅಮ್ಮಾ. ನಾನು ನಿಜವಾಗ್ಲೂ ಟೂ ಯುನಿಟ್ಟೇ ಅಂತ ಆಂಟಿಗೆ ಹೇಳು,” ಎಂದಳು.

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆಣೆ ಇಟ್ಟಾದರೂ ವಿಶಾಲಾಕ್ಷಿಯನ್ನು ನಂಬಿಸಿ ಆ ಮಗುವನ್ನು ಪಾರುಮಾಡಬೇಕೆಂದು ಫೋನ್ ಮಾಡಿದೆ. ಪೀಠಿಕೆಯಾಗಿ, ರಮ್ಯಾ ಹೇಗೆ ಓದುತ್ತಿದ್ದಾಳೆ ಎಂದು ಕೇಳಿದೆ.

“ಅಯ್ಯೋ, ತ್ರೀ ಯುನಿಟ್ಟಲ್ಲಿ ಅವಳಿಗೆ ಒಂದಕ್ಷರಾನೂ ಅರ್ಥ ಆಗ್ತಿಲ್ಲ ಕಣೇ,” ಎಂದಳು.

ಒಂದಕ್ಷರವೂ ಅರ್ಥವಾಗುತ್ತಿಲ್ಲವಂತೆ. ಅಂದರೆ ಚೆನ್ನಾಗಿಯೇ ಅರ್ಥವಾಗುತ್ತಿದೆ. “ಒಲೆ ಮೇಲೆ ಹಾಲಿದೆ, ಆಮೇಲೆ ಮಾಡ್ತೀನಿ,” ಎಂದು ಫೋನ್ ಇಟ್ಟೆ. ಮೇಘಾ ಸಿಂಕಿನಲ್ಲಿ ಬ್ರಷ್ ತೊಳೆಯುತ್ತಿದ್ದಳು.

“ಮೇಘಾ,” ಎಂದೆ ಆದಷ್ಟು ಮೆತ್ತಗೆ, “ತ್ರೀ ಯುನಿಟ್ ಅಷ್ಟೇನೂ ಕಷ್ಟ ಇರಲ್ವಂತೆ, ಅಲ್ವಾ?”

ಅವಳು ಬ್ರಷ್‌ಗಳನ್ನು ಎತ್ತಿಕೊಂಡು ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು.